‘ಶೇ. 95ರಷ್ಟು ಜನರಿಗೆ ಬಿಡಿಸಲು ಆಗದು’ ಎನ್ನುವ ಹಣ್ಣಿನ ಲೆಕ್ಕ: ಉತ್ತರ ಇದೆ, ಆದರೆ ಅದು 81 ಅಂಕಿ ಉದ್ದ!

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಚಿತ್ರ ಬಂದಿರಬಹುದು. ಸೇಬು, ಬಾಳೆಹಣ್ಣು, ಅನಾನಸ್. ಮೂರು ಭಿನ್ನರಾಶಿಗಳು, ನಡುವೆ ಕೂಡಿಸುವ ಚಿಹ್ನೆ, ಕೊನೆಗೆ ‘= 4’. ಮೇಲೆ ದಪ್ಪಕ್ಷರದಲ್ಲಿ ‘ಶೇ. 95ರಷ್ಟು ಜನರಿಗೆ ಇದನ್ನು ಬಿಡಿಸಲು ಆಗುವುದಿಲ್ಲ! ನಿಮಗೆ ಆಗುತ್ತದೆಯೇ?’ ಎಂಬ ಸವಾಲು. ಕೆಳಗೆ ‘ಮೂರೂ ಹಣ್ಣಿಗೆ ಧನ ಪೂರ್ಣಾಂಕಗಳನ್ನು ಕಂಡುಹಿಡಿಯಿರಿ’ ಎಂಬ ಸಣ್ಣ ಷರತ್ತು.

ಹಾಸನ ಕಡೆಯ ಓದುಗರೊಬ್ಬರು ಈ ಚಿತ್ರವನ್ನು ನಮಗೆ ಕಳಿಸಿ, ಜೊತೆಗೆ ಒಂದು ವಾಯ್ಸ್ ಮೆಸೇಜ್ ಹಾಕಿದ್ದರು. ಒಂಬತ್ತನೇ ತರಗತಿಯ ಅವರ ಮಗಳು ಎರಡು ರಾತ್ರಿ ಕುಳಿತು ಲೆಕ್ಕ ಹಾಕಿ, ಸೇಬು 4, ಬಾಳೆ ಮೈನಸ್ 1, ಅನಾನಸ್ 11 ಎಂದು ಗ್ರೂಪಿಗೆ ಬರೆದಳಂತೆ. ಚಿತ್ರ ಹಾಕಿದ್ದ ಚಿಕ್ಕಪ್ಪ, ‘ಮೈನಸ್ ಬಾಳೆಹಣ್ಣು ಯಾವ ಅಂಗಡೀಲಿ ಸಿಗುತ್ತೆ ಪುಟ್ಟಿ? ನೂರಕ್ಕೆ ನೂರು ತೆಗೆಯೋಳಿಗೆ ಇಷ್ಟು ಬರಲ್ವಾ?’ ಎಂದರಂತೆ. ಎಲ್ಲರೂ ನಗುವ ಎಮೋಜಿ ಹಾಕಿದರು. ಹುಡುಗಿ ಅಂದಿನಿಂದ ‘ನಂಗೆ ಮ್ಯಾಥ್ಸ್ ಬರಲ್ಲ ಬಿಡಮ್ಮ’ ಅನ್ನುತ್ತಿದ್ದಾಳೆ. ‘ಇದಕ್ಕೆ ನಿಜವಾಗಿ ಉತ್ತರ ಇದೆಯಾ, ಇಲ್ಲಾ ಸುಮ್ಮನೆ ಮಾಡಿರೋದಾ, ಹೇಳಿ’ ಎಂದು ತಾಯಿ ಕೇಳಿದ್ದರು.

ನಾವು ಗಣಿತ ಓದಿದವರಲ್ಲ. ಹಾಗಾಗಿ ಸಮಯ ತೆಗೆದುಕೊಂಡು ಓದಿ, ಲೆಕ್ಕವನ್ನು ನಾವೇ ಪರಿಶೀಲಿಸಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಉತ್ತರ

ಲೆಕ್ಕ ಇದು:

ಸೇಬು ÷ (ಬಾಳೆ + ಅನಾನಸ್) + ಬಾಳೆ ÷ (ಸೇಬು + ಅನಾನಸ್) + ಅನಾನಸ್ ÷ (ಸೇಬು + ಬಾಳೆ) = 4

ಉತ್ತರ ಇದೆ. ಧನ ಪೂರ್ಣಾಂಕಗಳಲ್ಲಿ ಅತ್ಯಂತ ಚಿಕ್ಕ ಉತ್ತರ ಇದು:

ಸೇಬು = 154476802108746166441951315019919837485664325669565431700026634898253202035277999

ಬಾಳೆ = 36875131794129999827197811565225474825492979968971970996283137471637224634055579

ಅನಾನಸ್ = 4373612677928697257861252602371390152816537558161613618621437993378423467772036

ಮೊದಲನೆಯದರಲ್ಲಿ 81 ಅಂಕಿಗಳಿವೆ, ಎರಡನೆಯದರಲ್ಲಿ 80, ಮೂರನೆಯದರಲ್ಲಿ 79. ಒಂದರಿಂದ ಶುರುಮಾಡಿ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಹೋದರೆ ಮನುಷ್ಯನಿರಲಿ, ಕಂಪ್ಯೂಟರ್ ಕೂಡ ಇಲ್ಲಿಗೆ ತಲುಪುವುದಿಲ್ಲ. ಅಂದರೆ ಚಿತ್ರದಲ್ಲಿರುವ ‘ಶೇ. 95’ ಎಂಬ ಮಾತು ಯಾವ ಸಮೀಕ್ಷೆಯದ್ದೂ ಅಲ್ಲ. ಪೆನ್ನು-ಕಾಗದ ಹಿಡಿದು ಊಹೆಯಿಂದ ಇದನ್ನು ಬಿಡಿಸುವವರು ನೂರಕ್ಕೆ ಐವರಲ್ಲ, ಯಾರೂ ಇಲ್ಲ.

ಹಾಗಾದರೆ ಈ ಉತ್ತರ ಸಿಕ್ಕಿದ್ದು ಹೇಗೆ? ಆ ಹುಡುಗಿಯ ‘ತಪ್ಪು’ ಉತ್ತರಕ್ಕೂ ಇದಕ್ಕೂ ಸಂಬಂಧವಿದೆ. ಅಲ್ಲಿಗೆ ಬರೋಣ.

ಲೆಕ್ಕವನ್ನು ಚಿತ್ರವಾಗಿ ನೋಡಿ

ಮೊದಲು ಎಲ್ಲರಿಗೂ ಗೊತ್ತಿರುವ 3, 4, 5 ತೆಗೆದುಕೊಳ್ಳೋಣ. 3ರ ವರ್ಗ 9, 4ರ ವರ್ಗ 16, ಕೂಡಿಸಿದರೆ 25, ಅದು 5ರ ವರ್ಗ. ಬೌಧಾಯನ ಶುಲ್ಬಸೂತ್ರದಲ್ಲೇ ಇಂಥ ತ್ರಿವಳಿಗಳು ಬರುತ್ತವೆ: 5, 12, 13, 8, 15, 17, 7, 24, 25.

ಈಗ ಮೂರನ್ನೂ 5ರಿಂದ ಭಾಗಿಸಿ. 3/5ರ ವರ್ಗ ಮತ್ತು 4/5ರ ವರ್ಗ ಕೂಡಿದರೆ 1. ಗ್ರಾಫ್ ಹಾಳೆಯಲ್ಲಿ ತ್ರಿಜ್ಯ 1 ಇರುವ ವೃತ್ತ ಬರೆದರೆ (3/5, 4/5) ಎಂಬ ಬಿಂದು ಸರಿಯಾಗಿ ಅದರ ಮೇಲೆ ಕೂರುತ್ತದೆ. ಹೀಗೆ ಎರಡೂ ನಿರ್ದೇಶಾಂಕಗಳು ಭಿನ್ನರಾಶಿಗಳೇ ಆಗಿರುವ ಬಿಂದುವನ್ನು ‘ಭಾಗಲಬ್ಧ ಬಿಂದು’ ಅನ್ನುತ್ತಾರೆ. ಪೂರ್ಣಾಂಕಗಳ ಲೆಕ್ಕ ಈಗ ರೇಖಾಗಣಿತದ ಪ್ರಶ್ನೆಯಾಯಿತು: ಈ ಆಕಾರದ ಮೇಲೆ ಭಾಗಲಬ್ಧ ಬಿಂದುಗಳು ಎಷ್ಟಿವೆ?

ವೃತ್ತದ ಮೇಲೆ ಲೆಕ್ಕವಿಲ್ಲದಷ್ಟಿವೆ. ಒಂದು ಬಿಂದು ಗೊತ್ತಿದ್ದರೆ ಸಾಕು. ವೃತ್ತದ ಎಡತುದಿಯ (−1, 0) ಬಿಂದುವಿನಿಂದ 1/2 ಇಳಿಜಾರಿನ ಸರಳರೇಖೆ ಎಳೆಯಿರಿ. ಅದು ವೃತ್ತವನ್ನು ಮತ್ತೊಮ್ಮೆ ಮುಟ್ಟುವ ಜಾಗವೇ (3/5, 4/5). ಇಳಿಜಾರು 2/3 ಎಂದಿಟ್ಟರೆ (5/13, 12/13). ಭಿನ್ನರಾಶಿಯ ಇಳಿಜಾರು ಕೊಟ್ಟಷ್ಟೂ ಹೊಸ ಬಿಂದುಗಳು ಬರುತ್ತವೆ.

ಎಣಿಸಿಯೂ ನೋಡಬಹುದು. ಸಾಮಾನ್ಯ ಅಪವರ್ತನ ಇಲ್ಲದ ಲಂಬಕೋನ ತ್ರಿವಳಿಗಳಲ್ಲಿ, ವಿಕರ್ಣ 100ರ ಒಳಗಿರುವವು 16. 1,000ದ ಒಳಗೆ 158. 10,000ದ ಒಳಗೆ 1,593. ಮಿತಿ ಹತ್ತು ಪಟ್ಟಾದರೆ ತ್ರಿವಳಿಗಳೂ ಸುಮಾರು ಹತ್ತು ಪಟ್ಟು. ವೃತ್ತದ ಮಟ್ಟಿಗೆ ಉತ್ತರಗಳು ಸಂತೆಯಲ್ಲಿ ಸಿಗುವಷ್ಟು ಧಾರಾಳ.

ಎಲ್ಲ ವೃತ್ತಗಳೂ ಹೀಗಲ್ಲ. ಬಲಗಡೆ 1ರ ಬದಲು 3 ಬರೆದರೆ, ಅಂದರೆ ತ್ರಿಜ್ಯ 3ರ ವರ್ಗಮೂಲವಾದರೆ, ಆ ವೃತ್ತದ ಮೇಲೆ ಒಂದೇ ಒಂದು ಭಾಗಲಬ್ಧ ಬಿಂದುವೂ ಇಲ್ಲ. ಮೊದಲ ಬಿಂದುವೇ ಇಲ್ಲದಿದ್ದರೆ ರೇಖೆ ಎಳೆಯುವುದು ಎಲ್ಲಿಂದ?

ಚೆಂಡು, ಉದ್ದಿನ ವಡೆ ಮತ್ತು ತೂತುಗಳು

ಒಂದು ಸಮೀಕರಣ ನೋಡಿದ ಕೂಡಲೇ ಅದಕ್ಕೆ ಎಷ್ಟು ಉತ್ತರಗಳಿರಬಹುದು ಎಂದು ಹೇಳಬಹುದೇ? ಬಹುಮಟ್ಟಿಗೆ ಹೇಳಬಹುದು. ಅದಕ್ಕೆ ನೋಡಬೇಕಾದದ್ದು ಆಕಾರದಲ್ಲಿರುವ ತೂತುಗಳನ್ನು!

ಸಮೀಕರಣಕ್ಕೆ ಸಂಕೀರ್ಣ ಸಂಖ್ಯೆಗಳ ಉತ್ತರಗಳನ್ನೂ ಸೇರಿಸಿಕೊಂಡರೆ, ಹಾಳೆಯ ಮೇಲಿನ ಗೆರೆ ಒಂದು ಮೇಲ್ಮೈಯಾಗಿ ತೆರೆದುಕೊಳ್ಳುತ್ತದೆ. ವೃತ್ತದಂಥ ಸಮೀಕರಣಗಳಿಗೆ ಅದು ಚೆಂಡಿನ ಹಾಗೆ, ತೂತಿಲ್ಲ. ಕೆಲವಕ್ಕೆ ಉದ್ದಿನ ವಡೆಯ ಹಾಗೆ ಒಂದು ತೂತು. ಇನ್ನು ಕೆಲವಕ್ಕೆ ಎರಡು, ಮೂರು, ಹೆಚ್ಚು. ಈ ತೂತುಗಳ ಎಣಿಕೆಗೆ ಗಣಿತದಲ್ಲಿ ‘ಜೀನಸ್’ ಎಂದು ಹೆಸರು. ಹಿಟ್ಟನ್ನು ಹರಿಯದೆ, ಅಂಟಿಸದೆ ಎಳೆದರೂ ಅಮುಕಿದರೂ ವಡೆಯ ತೂತು ಒಂದೇ. ಸಮೀಕರಣವನ್ನು ಹೇಗೆ ತಿರುಗಿಸಿ ಬರೆದರೂ ಈ ಸಂಖ್ಯೆ ಬದಲಾಗುವುದಿಲ್ಲ. ಬದಲಾಗದ ಈ ಗುಣವೇ ಉತ್ತರಗಳ ಬಗ್ಗೆ ಸುಳಿವು ಕೊಡುತ್ತದೆ:

• ತೂತು ಇಲ್ಲದಿದ್ದರೆ: ಭಾಗಲಬ್ಧ ಬಿಂದು ಒಂದೂ ಇರುವುದಿಲ್ಲ, ಅಥವಾ ಅನಂತವಾಗಿ, ಧಾರಾಳವಾಗಿ ಇರುತ್ತವೆ.

• ಒಂದು ತೂತು ಇದ್ದರೆ: ಒಂದೂ ಇಲ್ಲದಿರಬಹುದು, ಬೆರಳೆಣಿಕೆಯಷ್ಟಿರಬಹುದು, ಅನಂತವೂ ಇರಬಹುದು. ಅನಂತವಿದ್ದರೂ ಬಲು ವಿರಳ.

• ಎರಡು ಅಥವಾ ಹೆಚ್ಚು ತೂತು ಇದ್ದರೆ: ಎಷ್ಟೇ ಹುಡುಕಿದರೂ ಸೀಮಿತ ಸಂಖ್ಯೆಯಲ್ಲೇ ಮುಗಿಯುತ್ತವೆ.

ಮೂರನೆಯ ಮಾತನ್ನು ಲೂಯಿ ಮೋರ್ಡೆಲ್ 1922ರಲ್ಲಿ ಊಹೆಯಾಗಿ ಹೇಳಿದ್ದರು. ಜರ್ಮನಿಯ ಗೆರ್ಡ್ ಫಾಲ್ಟಿಂಗ್ಸ್ 1983ರಲ್ಲಿ ಅದನ್ನು ಸಾಧಿಸಿದರು. 1986ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು. ಫರ್ಮಾನ ಪ್ರಸಿದ್ಧ ಸಮೀಕರಣದಲ್ಲಿ ಘಾತ 2 ಇದ್ದರೆ ಅದೇ ವೃತ್ತ, ತೂತಿಲ್ಲ, ಉತ್ತರಗಳು ಅನಂತ. ಘಾತ 4 ಆದ ಕೂಡಲೇ ಮೂರು ತೂತು. ಅಲ್ಲಿಂದ ಮುಂದೆ ಯಾವ ಘಾತಕ್ಕೂ ಉತ್ತರಗಳು ಸೀಮಿತ ಎಂಬುದು ಫಾಲ್ಟಿಂಗ್ಸ್ ಪ್ರಮೇಯದಿಂದಲೇ ಗೊತ್ತಾಯಿತು.

ನಮ್ಮ ಹಣ್ಣಿನ ಲೆಕ್ಕ ಯಾವ ಗುಂಪಿನದು?

ವಡೆಯ ಗುಂಪಿನದು. ಛೇದಗಳನ್ನು ತೆಗೆದು ಸಮೀಕರಣವನ್ನು ಬಿಡಿಸಿ ಬರೆದರೆ ಎಲ್ಲ ಪದಗಳೂ ಮೂರನೇ ಘಾತದವು. ಅದರ ಆಕಾರಕ್ಕೆ ಒಂದು ತೂತು. ಇಂಥ ಗೆರೆಗಳಿಗೆ ‘ಎಲಿಪ್ಟಿಕ್ ಕರ್ವ್’ ಎಂಬ ಹೆಸರಿದೆ. ಇನ್ನೂ ಸ್ವಲ್ಪ ಸರಳ ಮಾಡಿದರೆ ಅದು ಹೀಗೆ ಕಾಣುತ್ತದೆ:

ವೈ² = ಎಕ್ಸ್³ + 109 ಎಕ್ಸ್² + 224 ಎಕ್ಸ್

ಎಕ್ಸ್ ಜಾಗದಲ್ಲಿ −100, ವೈ ಜಾಗದಲ್ಲಿ 260 ಹಾಕಿ ನೋಡಿ. ಎರಡೂ ಕಡೆ 67,600 ಬರುತ್ತದೆ. ಈ ಬಿಂದುವನ್ನು ಮತ್ತೆ ಹಣ್ಣುಗಳ ಭಾಷೆಗೆ ತಿರುಗಿಸಿದರೆ ಬರುವ ಉತ್ತರ ಯಾವುದು ಗೊತ್ತೇ? ಸೇಬು 4, ಬಾಳೆ −1, ಅನಾನಸ್ 11.

ಹೌದು, ಆ ಹುಡುಗಿ ಬರೆದದ್ದೇ. ಪರೀಕ್ಷಿಸೋಣ: 4/10 − 1/15 + 11/3. ಛೇದ 30 ಮಾಡಿದರೆ 12/30 − 2/30 + 110/30 = 120/30 = 4. ಲೆಕ್ಕ ಸರಿ. ಒಂದು ಸಂಖ್ಯೆ ಋಣವಾಗಿದೆ ಎಂಬುದೊಂದೇ ಕೊರತೆ.

ಆದರೆ ಗಣಿತಜ್ಞರು ಈ ಬಿಂದುವನ್ನು ಎಸೆಯುವುದಿಲ್ಲ, ಬೀಜದ ಹಾಗೆ ಬಿತ್ತುತ್ತಾರೆ. ಎಲಿಪ್ಟಿಕ್ ಕರ್ವ್‌ನ ದೊಡ್ಡ ಗುಣ ಇದು: ಅದರ ಮೇಲಿನ ಎರಡು ಭಾಗಲಬ್ಧ ಬಿಂದುಗಳನ್ನು ಸೇರಿಸಿ ಸರಳರೇಖೆ ಎಳೆದರೆ, ಅದು ಕರ್ವ್ ಅನ್ನು ಮುಟ್ಟುವ ಮೂರನೇ ಬಿಂದುವೂ ಭಾಗಲಬ್ಧವೇ. ಒಂದೇ ಬಿಂದು ಇದ್ದರೆ ಅಲ್ಲಿ ಸ್ಪರ್ಶಕ ಎಳೆದರೂ ಆಯಿತು. ಹೀಗೆ ಬೀಜದ ಬಿಂದುವಿಗೆ ಅದೇ ಬಿಂದುವನ್ನು ಮತ್ತೆ ಮತ್ತೆ ‘ಕೂಡಿಸುತ್ತಾ’ ಹೋಗುತ್ತಾರೆ.

ಮೊದಲ ಹೆಜ್ಜೆ: 4, −1, 11.

ಎರಡನೇ ಹೆಜ್ಜೆ: 9499, −8784, 5165. ಇಲ್ಲೂ ಮೊತ್ತ 4, ಇಲ್ಲೂ ಒಂದು ಋಣ.

ಮೂರನೇ ಹೆಜ್ಜೆ: 679733219, −375326521, 883659076. ಮತ್ತೆ ಒಂದು ಋಣ.

ಅಂಕಿಗಳನ್ನು ಗಮನಿಸಿ. ಮೊದಲು ಒಂದೆರಡು ಅಂಕಿ, ಆಮೇಲೆ 4, ಆಮೇಲೆ 9. ಹೆಜ್ಜೆಯ ವರ್ಗದಂತೆ ಅಂಕಿಗಳ ಉದ್ದ ಬೆಳೆಯುತ್ತಿದೆ. ಇದು ಕಾಕತಾಳೀಯವಲ್ಲ, ಎಲಿಪ್ಟಿಕ್ ಕರ್ವ್‌ಗಳ ನಿಯಮವೇ ಹೀಗೆ. ಮೂರೂ ಸಂಖ್ಯೆ ಧನವಾಗುವುದು ಒಂಬತ್ತನೇ ಹೆಜ್ಜೆಯಲ್ಲಿ. ಒಂಬತ್ತರ ವರ್ಗ 81. ಉತ್ತರಕ್ಕೆ 81 ಅಂಕಿ ಯಾಕೆ ಎಂಬುದಕ್ಕೆ ಇದಕ್ಕಿಂತ ನೇರ ವಿವರಣೆ ಬೇಕಿಲ್ಲ.

ವೃತ್ತಕ್ಕೆ ಹೋಲಿಸಿ. ಅಲ್ಲಿ ಸಂಖ್ಯೆಯ ಮಿತಿ ಹತ್ತು ಪಟ್ಟಾದರೆ, ಅಂದರೆ ಒಂದೇ ಅಂಕಿ ಹೆಚ್ಚಾದರೆ, ಬಿಂದುಗಳೂ ಹತ್ತು ಪಟ್ಟು. ಇಲ್ಲಿ ಬಿಂದುಗಳು ಎರಡು ಪಟ್ಟಾಗಬೇಕಾದರೆ ಅಂಕಿಗಳ ಉದ್ದವೇ ನಾಲ್ಕು ಪಟ್ಟಾಗಬೇಕು. ಅನಂತ ಉತ್ತರಗಳಿದ್ದರೂ ಕಣ್ಣಿಗೆ ಬೀಳುವುದು ಅಪರೂಪ ಎಂದರೆ ಇದೇ.

4ರ ಬದಲು ಬೇರೆ ಸಂಖ್ಯೆ ಬರೆದರೆ?

ಆಂಡ್ರ್ಯೂ ಬ್ರೆಮ್ನರ್ ಮತ್ತು ಅಲನ್ ಮೆಕ್ಲಿಯೋಡ್ ಎಂಬ ಗಣಿತಜ್ಞರು 2014ರಲ್ಲಿ ಇದೇ ಸಮೀಕರಣದ ಮೇಲೆ ಪ್ರಬಂಧ ಪ್ರಕಟಿಸಿದರು. ಅವರ ಪ್ರಕಾರ, ಬಲಗಡೆ ಬೆಸ ಸಂಖ್ಯೆ ಇದ್ದರೆ (3, 5, 7 ಹೀಗೆ) ಧನ ಪೂರ್ಣಾಂಕಗಳ ಉತ್ತರ ಇರುವುದೇ ಇಲ್ಲ. ಹಾಗಾಗಿ ಯಾರಾದರೂ 4 ಅಳಿಸಿ 5 ಬರೆದು ಫಾರ್ವರ್ಡ್ ಮಾಡಿದರೆ ಯಾವ ಸೂಪರ್ ಕಂಪ್ಯೂಟರ್‌ಗೂ ಉತ್ತರ ಸಿಗದು.

ಸಮ ಸಂಖ್ಯೆಗಳಲ್ಲಿ ಉತ್ತರ ಇರುವಲ್ಲಿ, ಅದರ ಉದ್ದ ಎಲ್ಲೆಂದರಲ್ಲಿ ಜಿಗಿಯುತ್ತದೆ. 6 ಇದ್ದರೆ ಅತಿ ಚಿಕ್ಕ ಉತ್ತರಕ್ಕೆ 134 ಅಂಕಿ, 10ಕ್ಕೆ 190, 12ಕ್ಕೆ 2,707. ಬಲಗಡೆ 178 ಬರೆದರೆ 39 ಕೋಟಿ 86 ಲಕ್ಷಕ್ಕೂ ಹೆಚ್ಚು ಅಂಕಿಗಳು! ಒಂದು ಮೆಸೇಜಿನಲ್ಲಿ ಹಿಡಿಸುವ ಪ್ರಶ್ನೆಗೆ ಗ್ರಂಥಾಲಯ ತುಂಬುವ ಉತ್ತರ.

ಚಿಕ್ಕ ಪ್ರಶ್ನೆಗೆ ದೊಡ್ಡ ಉತ್ತರ ಎಂಬುದು ನಮ್ಮಲ್ಲೂ ಹಳೆಯ ವಿಷಯವೇ. ಒಂದು ಸಂಖ್ಯೆಯ ವರ್ಗದಿಂದ ಇನ್ನೊಂದರ ವರ್ಗದ 61 ಪಟ್ಟನ್ನು ಕಳೆದರೆ 1 ಉಳಿಯಬೇಕು ಎಂಬ ಲೆಕ್ಕವನ್ನು 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಬಿಡಿಸಿದ್ದರು. ಅದರ ಅತಿ ಚಿಕ್ಕ ಉತ್ತರ 1766319049 ಮತ್ತು 226153980. ಊಹೆಯಿಂದಲ್ಲ, ‘ಚಕ್ರವಾಲ’ ಎಂಬ ವಿಧಾನದಿಂದ.

ಗಣಿತಜ್ಞರಿಗೂ ಇನ್ನೂ ಗೊತ್ತಿಲ್ಲದ ಭಾಗ

ಒಂದು ತೂತಿನ ಆಕಾರಗಳಲ್ಲಿ, ಬಿಂದುಗಳು ಅನಂತವೋ ಅಲ್ಲವೋ ಎಂಬುದನ್ನು ತೂತು ಹೇಳುವುದಿಲ್ಲ. ಅದಕ್ಕೆ ‘ರ‍್ಯಾಂಕ್’ ಎಂಬ ಇನ್ನೊಂದು ಸಂಖ್ಯೆ ಬೇಕು. ಸರಳವಾಗಿ ಹೇಳಿದರೆ, ಅನಂತ ಬಿಂದುಗಳನ್ನು ಬೆಳೆಸಲು ಎಷ್ಟು ಸ್ವತಂತ್ರ ಬೀಜಗಳು ಬೇಕು ಎಂಬುದೇ ರ‍್ಯಾಂಕ್. ನಮ್ಮ ಹಣ್ಣಿನ ಕರ್ವ್‌ಗೆ ಅದು 1. ರ‍್ಯಾಂಕ್ ಸೊನ್ನೆ ಇದ್ದರೆ ಬಿಂದುಗಳು ಸೀಮಿತ.

ಯಾವುದೇ ಎಲಿಪ್ಟಿಕ್ ಕರ್ವ್ ಕೊಟ್ಟರೂ ಅದರ ರ‍್ಯಾಂಕ್ ಖಚಿತವಾಗಿ ಕಂಡುಹಿಡಿಯುವ, ಸಾಧಿತವಾದ ವಿಧಾನ ಇನ್ನೂ ಇಲ್ಲ. 1960ರ ದಶಕದ ಆರಂಭದಲ್ಲಿ ಬ್ರಯಾನ್ ಬರ್ಚ್ ಮತ್ತು ಪೀಟರ್ ಸ್ವಿನ್ನರ್ಟನ್-ಡೈಯರ್ ಕೇಂಬ್ರಿಜ್‌ನ ಎಡ್‌ಸ್ಯಾಕ್ ಕಂಪ್ಯೂಟರ್ ಬಳಸಿ ಒಂದು ದಾರಿ ಊಹಿಸಿದರು. ಗಡಿಯಾರದಲ್ಲಿ 12 ಆದಮೇಲೆ ಮತ್ತೆ 1 ಬರುವ ಹಾಗೆ, ಒಂದೊಂದು ಅವಿಭಾಜ್ಯ ಸಂಖ್ಯೆಯ ‘ಗಡಿಯಾರ’ದಲ್ಲೂ ಆ ಸಮೀಕರಣಕ್ಕೆ ಎಷ್ಟು ಉತ್ತರಗಳಿವೆ ಎಂದು ಎಣಿಸಿ, ಆ ಎಣಿಕೆಗಳಿಂದ ರ‍್ಯಾಂಕ್ ಹೇಳಬಹುದು ಎಂಬುದು ಅವರ ಊಹೆ. ಅದನ್ನು ಸಾಧಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಆ ಊಹೆ ಇನ್ನೂ ಪೂರ್ತಿಯಾಗಿ ಸಾಧಿತವಾಗಿಲ್ಲ. ಭಾರತೀಯ ಮೂಲದ ಮಂಜುಲ್ ಭಾರ್ಗವ ಅವರು ಅರುಲ್ ಶಂಕರ್ ಜೊತೆ ಸೇರಿ, ಎಲ್ಲ ಎಲಿಪ್ಟಿಕ್ ಕರ್ವ್‌ಗಳನ್ನೂ ಒಟ್ಟಿಗೆ ನೋಡಿದರೆ ರ‍್ಯಾಂಕ್‌ನ ಸರಾಸರಿ 1ಕ್ಕಿಂತ ಕಡಿಮೆ ಎಂದು ತೋರಿಸಿದರು. ಭಾರ್ಗವ ಅವರಿಗೆ 2014ರಲ್ಲಿ ಫೀಲ್ಡ್ಸ್ ಪದಕ ಬಂತು.

ನಿಮ್ಮ ಫೋನಿನಲ್ಲೂ ಇದೇ ಗಣಿತ

‘ಇದರಿಂದ ನಮಗೇನು?’ ಎಂದು ಕೇಳಬಹುದು. ಈ ಒಗಟು ನಿಮಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ, ಅದನ್ನು ದಾರಿಯಲ್ಲಿ ಬೇರೆ ಯಾರೂ ಓದದಂತೆ ಬೀಗ ಹಾಕಿದ್ದೂ ಒಂದು ಎಲಿಪ್ಟಿಕ್ ಕರ್ವ್! ವಾಟ್ಸ್‌ಆ್ಯಪ್‌ನ ಗೂಢಲಿಪಿ ವ್ಯವಸ್ಥೆಯಲ್ಲಿ ‘ಕರ್ವ್25519’ ಬಳಕೆಯಾಗುತ್ತದೆ. ಅದರ ಸಮೀಕರಣ:

ವೈ² = ಎಕ್ಸ್³ + 486662 ಎಕ್ಸ್² + ಎಕ್ಸ್

ಹಣ್ಣಿನ ಕರ್ವ್‌ನ ಪಕ್ಕ ಇಟ್ಟು ನೋಡಿ, ಅಕ್ಕ-ತಂಗಿಯರ ಹಾಗಿವೆ. ಬಿಂದುವಿಗೆ ಬಿಂದು ಕೂಡಿಸುವ ಆಟವೂ ಅದೇ. ನಿಮ್ಮ ಫೋನ್ ಒಂದು ಗುಟ್ಟಿನ ಸಂಖ್ಯೆಯಷ್ಟು ಹೆಜ್ಜೆ ಮುಂದೆ ಹೋಗಿ, ತಲುಪಿದ ಬಿಂದುವನ್ನು ಮಾತ್ರ ಹೊರಗೆ ಹೇಳುತ್ತದೆ. ಆ ಬಿಂದು ನೋಡಿ ‘ಎಷ್ಟು ಹೆಜ್ಜೆ?’ ಎಂದು ಪತ್ತೆ ಮಾಡುವುದು ಇಂದಿನ ಕಂಪ್ಯೂಟರ್‌ಗಳಿಗೆ ಸಾಧ್ಯವಾಗದಷ್ಟು ಕಷ್ಟ. ಅಲ್ಲಿ ಗಡಿಯಾರದ ಲೆಕ್ಕ ಇರುವುದರಿಂದ ಸಂಖ್ಯೆಗಳು 77 ಅಂಕಿ ಮೀರುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

• ‘ಶೇ. 95ರಷ್ಟು ಜನ ಸೋಲುತ್ತಾರೆ’, ‘ಜೀನಿಯಸ್‌ಗಳಿಗೆ ಮಾತ್ರ’ ಎಂಬ ಸಾಲುಗಳು ನೀವು ಶೇರ್ ಮಾಡಲಿ ಎಂದು ಬರೆದವು. ಅವುಗಳಿಂದ ಯಾರ ಬುದ್ಧಿಯನ್ನೂ ಅಳೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ.

• ‘ಉತ್ತರ ನೋಡಲು ಲಿಂಕ್ ಒತ್ತಿ’ ಎಂದಿದ್ದರೆ ಒತ್ತಬೇಡಿ. ಉತ್ತರ ಮೇಲೆಯೇ ಇದೆ.

• ಯಾರಾದರೂ ಬೇರೆ ‘ಉತ್ತರ’ ಕೊಟ್ಟು, ಫೋನಿನ ಕ್ಯಾಲ್ಕುಲೇಟರ್ 4 ತೋರಿಸಿತು ಎಂದರೆ ನಂಬಬೇಡಿ. ಅದು ಕೆಲವೇ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 3.9999999999ಕ್ಕೂ 4 ಎಂದೇ ತೋರಿಸಬಹುದು. ದೊಡ್ಡ ಸಂಖ್ಯೆಗಳನ್ನು ಪೂರ್ತಿ ಲೆಕ್ಕ ಹಾಕುವ ಪೈಥಾನ್‌ನಂಥ ಸಾಧನದಲ್ಲಿ, ಛೇದಗಳನ್ನು ತೆಗೆದು ಎರಡೂ ಕಡೆ ಅಂಕಿಗೆ ಅಂಕಿ ಸರಿ ಇದೆಯೇ ಎಂದು ನೋಡಿ.

ಆ ತಾಯಿಗೆ ನಾವು ಇಷ್ಟನ್ನೂ ಬರೆದು ಕಳಿಸಿದ್ದೇವೆ. ಜೊತೆಗೆ ಒಂದು ಸಾಲು: ನಿಮ್ಮ ಮಗಳ ಉತ್ತರ ಷರತ್ತಿಗೆ ಸರಿಹೊಂದಲಿಲ್ಲ ನಿಜ, ಆದರೆ ಸರಿಯಾದ ಉತ್ತರಕ್ಕೆ ಹೋಗುವ ದಾರಿ ಶುರುವಾಗುವುದೇ ಅವಳು ಕಂಡುಹಿಡಿದ 4, −1, 11ರಿಂದ. ಅದನ್ನು ಅವಳು ಯಾರ ಸಹಾಯವೂ ಇಲ್ಲದೆ ಎರಡು ರಾತ್ರಿಯಲ್ಲಿ ಹುಡುಕಿದಳು. ಚಿಕ್ಕಪ್ಪನಿಗೂ ಇದನ್ನು ಫಾರ್ವರ್ಡ್ ಮಾಡಿ.